‘ತಲಿ ಮೊದಲಿನಂಗ ಇಲ್ರಿ’



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರಿಗೆ ಯಾವ ಖಾತೆ ಸಿಕ್ಕಿತು, ಅದನ್ನ ನಾಳೆ ನೋಡೋಣ. ಇವತ್ತು ಒಂದು ಮಾತಿನ ಬಗ್ಗೆ ಹೇಳ್ತೀನಿ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕ್ಯಾನ್ಸರಿಗೆ ಕೀಮೋ ಮುಗಿಸಿಕೊಂಡು ಬಂದವರ ಜೊತೆ ಹತ್ತು ನಿಮಿಷ ಕೂತರೆ ಕಿವಿಗೆ ಬೀಳಬಹುದಾದ ಮಾತು. “ಯಾಕೋ ತಲಿ ಮೊದಲಿನಂಗ ಇಲ್ರಿ.”

ಇಷ್ಟೇ ಮಾತು. ಆದರೆ ಇದನ್ನ ಹೇಳಿದವರಿಗೆ ಮನೆಯಲ್ಲಿ ಸಿಗುವ ಉತ್ತರ ಏನು ಗೊತ್ತಾ? “ಅಷ್ಟ ದೊಡ್ಡ ಜಡ್ಡಿನಾಗಿಂದ ಪಾರಾಗಿ ಬಂದೀ, ಇನ್ನೇನ ಚಿಂತಿ ಮಾಡ್ತಿ? ಸುಮ್ನಿರು.”

ತಿಮ್ಮಾಪುರದಂಥ ಒಂದು ಊರನ್ನ ಕಣ್ಣ ಮುಂದೆ ತಂದುಕೊಳ್ಳಿ. ಮುಧೋಳ ತಾಲ್ಲೂಕು. ರನ್ನನಗರದ ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬು. ಅಲ್ಲಿ ಒಬ್ಬ ಹೆಣ್ಣುಮಗಳು ಇದ್ದಾರೆ ಅಂತ ಇಟ್ಟುಕೊಳ್ಳಿ. ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯ್ತು, ಕೀಮೋ ಆಯ್ತು, ಉದುರಿದ ಕೂದಲು ಮತ್ತೆ ಬಂತು. ಊರವರ ಲೆಕ್ಕದಲ್ಲಿ ಆಕೆ ಗುಣವಾಗಿದ್ದಾರೆ. ಆದರೆ ಡೇರಿಯ ಹಾಲಿನ ಲೆಕ್ಕವನ್ನ ಮೊದಲು ಬಾಯಲ್ಲೇ ಹೇಳುತ್ತಿದ್ದವರು ಈಗ ಬೆರಳು ಮಡಚಿ ಎಣಿಸಿದರೂ ತಪ್ಪುತ್ತಾರೆ. ಸಂಘದ ಕಂತು ಕಟ್ಟಿದ್ದೇನೋ ಇಲ್ಲವೋ ನೆನಪಾಗಲ್ಲ. ಒಲೆ ಮೇಲೆ ಇಟ್ಟ ಹಾಲು ಉಕ್ಕಿ ಹೋಗುತ್ತೆ. ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆಗೆ ಹತ್ತಲ್ಲ. ನಾಲಿಗೆ ತುದಿಗೆ ಬಂದ ಪದ ಅಲ್ಲೇ ನಿಂತು ಬಿಡುತ್ತೆ.

ಇದು ಸೋಮಾರಿತನವಾ? ನಾಟಕವಾ? ಬರೀ ಮನಸ್ಸಿನ ದುಃಖವಾ? ಬಹಳ ವರ್ಷ ವೈದ್ಯಲೋಕದಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದರು. ಸಾವಿನ ಬಾಯಿಗೆ ಹೋಗಿ ಬಂದ ಮನುಷ್ಯ, ಆತಂಕ ಇರೋದು ಸಹಜ ಅಂತ. ಈಗ ಮೆದುಳಿನ ಚಿತ್ರಗಳು ಬೇರೆ ಕಥೆ ಹೇಳುತ್ತಿವೆ. ಕೆಲವು ಕ್ಯಾನ್ಸರ್ ಔಷಧಗಳು ಮೆದುಳಿನ ಒಂದು ಭಾಗಕ್ಕೆ ನಿಜವಾಗಿಯೂ ಪೆಟ್ಟು ಕೊಡುತ್ತವೆ. ಆ ಪೆಟ್ಟು ಎಂಆರ್‌ಐ ಯಂತ್ರಕ್ಕೆ ಕಾಣುತ್ತೆ. ಎಲ್ಲರಲ್ಲೂ ಅಲ್ಲ, ಎಲ್ಲ ಔಷಧದಿಂದಲೂ ಅಲ್ಲ. ಆದರೆ ಇದೆ.

ಆ ಭಾಗ ಯಾವುದು? ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ನನಗೆ ಸುಲಭವಾಗಿ ಅರ್ಥವಾಗುವ ರೀತಿಯಲ್ಲೇ ಹೇಳ್ತೀನಿ. ನಮ್ಮ ಮೆದುಳಿನ ಹೊರಪದರ ಬೂದು ಬಣ್ಣದ್ದು. ಲೆಕ್ಕ, ಯೋಚನೆ, ಮಾತು, ಇವುಗಳ ನರಕೋಶಗಳು ಹೆಚ್ಚಾಗಿ ಇರೋದು ಅಲ್ಲಿ. ಅದರ ಕೆಳಗೆ ತುಂಬಿಕೊಂಡಿರೋದು ಬಿಳಿ ಭಾಗ. ಡಾಕ್ಟರುಗಳು ವೈಟ್ ಮ್ಯಾಟರ್ ಅಂತಾರೆ. ಅದು ವೈರಿಂಗ್. ಒಂದು ಜಾಗದ ನರಕೋಶವನ್ನ ಇನ್ನೊಂದು ಜಾಗಕ್ಕೆ ಜೋಡಿಸುವ ಎಳೆಗಳು. ಹೆಚ್ಚಿನ ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಇರುತ್ತೆ. ಹೆಸರು ಮಯಲಿನ್. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇದೆಯಲ್ಲ, ಹೆಚ್ಚು ಕಡಿಮೆ ಹಾಗೆ. ಕೊಬ್ಬು ಇರೋದರಿಂದಲೇ ಆ ಭಾಗ ಬಿಳಿ. ಹೊದಿಕೆ ಚೆನ್ನಾಗಿದ್ದರೆ ಸಂದೇಶ ಓಡುತ್ತೆ. ಹೊದಿಕೆ ಸವೆದರೆ ಸಂದೇಶ ನಿಧಾನವಾಗುತ್ತೆ, ಕೆಲವೊಮ್ಮೆ ದಾರಿಯಲ್ಲೇ ಕಳೆದುಹೋಗುತ್ತೆ.

ಈಗ ಆ ಹೆಣ್ಣುಮಗಳ ದೂರನ್ನ ಮತ್ತೆ ಕೇಳಿಸಿಕೊಳ್ಳಿ. ಆಕೆಗೆ ಲೆಕ್ಕ ಮರೆತು ಹೋಗಿಲ್ಲ. ತಡವಾಗಿ ಬರುತ್ತೆ. ಮಾತು ಗೊತ್ತಿಲ್ಲ ಅಂತಲ್ಲ. ಸಮಯಕ್ಕೆ ಸಿಗಲ್ಲ. ವೈರಿಂಗ್ ಕೆಟ್ಟಾಗ ಆಗೋದೇ ಇದು.

ಇನ್ನು ಯಂತ್ರ ಇದನ್ನ ಹೇಗೆ ನೋಡುತ್ತೆ? ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಥರ ವಿಕಿರಣ ಇಲ್ಲ. ನಮ್ಮ ದೇಹದಲ್ಲಿರುವ ನೀರು ಆ ಅಯಸ್ಕಾಂತಕ್ಕೆ ಕೊಡುವ ಉತ್ತರವನ್ನ ಅದು ಚಿತ್ರ ಮಾಡುತ್ತೆ. ಅದರಲ್ಲಿ ಫ್ಲೇರ್ ಅಂತ ಒಂದು ಬಗೆಯ ಚಿತ್ರ ಇದೆ. ಮೆದುಳಿನ ಸುತ್ತ ಮತ್ತು ಒಳಗೆ ಇರುವ ದ್ರವವನ್ನ ಅದು ಕಪ್ಪು ಮಾಡಿಬಿಡುತ್ತೆ. ಆಗ ಬಿಳಿ ಭಾಗದಲ್ಲಿ ಎಲ್ಲಾದರೂ ನೀರಿನ ಅಂಶ ಹೆಚ್ಚಾಗಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತೆ. ಔಷಧದ ಪೆಟ್ಟು ಬಿದ್ದವರಲ್ಲಿ ಈ ಬೆಳ್ಳನೆಯ ಮಬ್ಬು ಹೆಚ್ಚಾಗಿ ಮೆದುಳಿನ ಎರಡೂ ಕಡೆ ಕಾಣುತ್ತೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಧಾನ ಇದೆ. ಇದನ್ನ ಕಬ್ಬಿನ ಗದ್ದೆ ನೋಡಿದವರಿಗೆ ಹೇಳೋದು ಸುಲಭ. ಘಟಪ್ರಭಾ ಕಾಲುವೆ ನೀರನ್ನ ಗದ್ದೆಗೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತೆ? ಸಾಲಿನ ಉದ್ದಕ್ಕೆ ಹೋಗುತ್ತೆ. ಅಡ್ಡ ಹೋಗಲ್ಲ, ಯಾಕಂದ್ರೆ ಎರಡೂ ಕಡೆ ಬೋದು ಇದೆ. ಬೋದು ಒಡೆದರೆ? ನೀರು ಅಡ್ಡಾದಿಡ್ಡಿ ಹರಡುತ್ತೆ. ಮೆದುಳಿನ ಬಿಳಿ ಭಾಗದಲ್ಲೂ ಹೀಗೇ. ನೀರಿನ ಕಣಗಳು ಎಳೆಯ ಉದ್ದಕ್ಕೆ ಸಲೀಸಾಗಿ ಚಲಿಸುತ್ತವೆ, ಅಡ್ಡಕ್ಕೆ ಕಷ್ಟಪಡುತ್ತವೆ. ನೀರು ಎಷ್ಟು ಒಂದೇ ದಿಕ್ಕಿನಲ್ಲಿ ಹೋಗುತ್ತಿದೆ ಅನ್ನೋದನ್ನ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಾಗಿ ಅಳೆಯಬಹುದು. ಆ ಸಂಖ್ಯೆ ಇಳಿಯಿತು ಅಂದರೆ ಸಾಲಿನಲ್ಲಿ ಏನೋ ಬದಲಾಗಿದೆ ಅಂತ ಅರ್ಥ. ಈ ವಿಧಾನದ ಹೆಸರು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಅವರ ಜೊತೆಗಾರರು ಇದಕ್ಕೆ ರೂಪ ಕೊಟ್ಟರು.

ಈಗ ಔಷಧದ ವಿಷಯಕ್ಕೆ ಬರೋಣ. ಮೆದುಳಿನ ಬಿಳಿ ಭಾಗಕ್ಕೆ ಪೆಟ್ಟು ಕೊಡುತ್ತೆ ಅಂತ ಅತಿ ಹೆಚ್ಚು ಅಧ್ಯಯನ ಆಗಿರುವ ಔಷಧಗಳಲ್ಲಿ ಮೊದಲನೆಯದು ಮೆಥೋಟ್ರೆಕ್ಸೇಟ್. ಇದರ ಕಥೆಯಲ್ಲಿ ನಮ್ಮವರೇ ಒಬ್ಬರು ಇದ್ದಾರೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು. ಅಲ್ಲಿ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಸಿಡ್ ಎಂಬ ವಿಟಮಿನ್ನಿನ ಕೆಲಸಕ್ಕೆ ಅಡ್ಡಿ ಮಾಡುವ ಔಷಧಗಳನ್ನ ತಯಾರಿಸಿತು. ಅಂಥ ಒಂದು ಔಷಧವನ್ನ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಬ್ಲಡ್ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಿದ್ದರು, ಅವರಲ್ಲಿ 10 ಮಕ್ಕಳಿಗೆ ತಾತ್ಕಾಲಿಕವಾಗಿ ಕಾಯಿಲೆ ಹಿಮ್ಮೆಟ್ಟಿತು. ಅಲ್ಲಿಯವರೆಗೆ ಆ ಮಕ್ಕಳಿಗೆ ಏನೂ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೇ ಔಷಧದ ತಮ್ಮ ಅನ್ನಬಹುದಾದ ಮೆಥೋಟ್ರೆಕ್ಸೇಟ್ ಇವತ್ತಿಗೂ ಮಕ್ಕಳ ಬ್ಲಡ್ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬು.

ಆದರೆ ಒಂದು ತೊಡಕಿತ್ತು. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಹೋಗದ ಹಾಗೆ ನಮ್ಮ ದೇಹದಲ್ಲಿ ಒಂದು ಕಾವಲು ಇದೆ. ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟ ಔಷಧ ಆ ಕಾವಲು ದಾಟಿ ಸಾಕಷ್ಟು ಒಳಗೆ ಹೋಗಲ್ಲ. ಕ್ಯಾನ್ಸರ್ ಕೋಶಗಳು ಮಾತ್ರ ಹೇಗೋ ಅಲ್ಲಿ ಸೇರಿಕೊಂಡು ಬಿಡುತ್ತಿದ್ದವು. ದೇಹದಲ್ಲಿ ಗುಣವಾದ ಮಗು ಕೆಲವು ತಿಂಗಳ ನಂತರ ಮೆದುಳಿನಲ್ಲಿ ಮರುಕಳಿಸಿದ ಕಾಯಿಲೆಯಿಂದ ಸಾಯುತ್ತಿತ್ತು. ಅದಕ್ಕೇ ವೈದ್ಯರು ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಔಷಧ ಕೊಡೋಕೆ ಶುರು ಮಾಡಿದರು. ನಮ್ಮ ಜನ “ಬೆನ್ನಿನ ಇಂಜೆಕ್ಷನ್” ಅನ್ನೋದು ಇದನ್ನೇ. ಜೊತೆಗೆ ತಲೆಗೆ ವಿಕಿರಣ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಈ ದಾರಿ ಹಿಡಿದಾಗ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗುವ ಸ್ಥಿತಿ ಬಂತು.

ಮಕ್ಕಳು ಉಳಿದರು. ಉಳಿದ ಮೇಲೆ ಬೆಲೆ ಕಾಣಿಸಿತು. ಯಾವ ಔಷಧ ಕ್ಯಾನ್ಸರ್ ಕೋಶಕ್ಕೆ ಫೋಲಿಕ್ ಆಸಿಡ್ ಸಿಗದ ಹಾಗೆ ಮಾಡುತ್ತೋ, ಅದೇ ಔಷಧ ಮೆದುಳಿನಲ್ಲೂ ಅದನ್ನೇ ಮಾಡುತ್ತೆ. ಮಯಲಿನ್ ತಯಾರಿಸುವ, ದುರಸ್ತಿ ಮಾಡುವ ಕೋಶಗಳು ಸೊರಗುತ್ತವೆ. 2018ರ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮೊಂಜೆ ಅವರ ತಂಡ ಇಲಿಗಳಲ್ಲಿ ಮಾಡಿದ ಪ್ರಯೋಗ ಇನ್ನೊಂದು ಸಂಗತಿ ತೋರಿಸಿತು. ಮೆದುಳಿನಲ್ಲಿ ಕಾವಲು ಕಾಯುವ ಕೋಶಗಳಿವೆ, ಅವನ್ನ ಮೈಕ್ರೋಗ್ಲಿಯಾ ಅಂತಾರೆ. ಮೆಥೋಟ್ರೆಕ್ಸೇಟ್ ಅವುಗಳನ್ನ ಕೆರಳಿಸುತ್ತೆ. ಔಷಧ ನಿಂತ ಮೇಲೂ ಅವು ಕೆರಳಿಯೇ ಇರುತ್ತವೆ. ಆ ಗಲಾಟೆಯಲ್ಲಿ ಹೊದಿಕೆ ಕಟ್ಟುವ ಕೋಶಗಳು ಸರಿಯಾಗಿ ಬೆಳೆಯಲ್ಲ. ಕೆರಳಿದ ಕಾವಲುಗಾರರನ್ನ ತೆಗೆದು ಹಾಕಿದಾಗ ಇಲಿಗಳ ಮಯಲಿನ್ನೂ ಸುಧಾರಿಸಿತು, ನೆನಪಿನ ಪರೀಕ್ಷೆಯೂ ಸುಧಾರಿಸಿತು. ಇದು ಇಲಿಯ ಕಥೆ. ಮನುಷ್ಯರಿಗೆ ಔಷಧವಾಗಿ ಬರೋಕೆ ದಾರಿ ದೂರ ಇದೆ. ಆದರೆ ದಾರಿ ಇದೆ ಅನ್ನೋದು ಸಣ್ಣ ಸುದ್ದಿ ಅಲ್ಲ.

ಮನುಷ್ಯರಲ್ಲಿ ಏನು ಕಂಡಿತು? ಎರಡು ಅಧ್ಯಯನ ಹೇಳ್ತೀನಿ, ಎರಡನ್ನೂ ಸ್ವಲ್ಪ ಗಮನ ಕೊಟ್ಟು ಕೇಳಿ.

ಮೊದಲನೆಯದು ಮಕ್ಕಳದ್ದು. ಅದೇ ಸೇಂಟ್ ಜೂಡ್ ಆಸ್ಪತ್ರೆಯವರು 2014ರಲ್ಲಿ ಪ್ರಕಟಿಸಿದ್ದು. ಬ್ಲಡ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 369 ಮಕ್ಕಳು. ಅವರಲ್ಲಿ 14 ಮಕ್ಕಳಿಗೆ ಮೆಥೋಟ್ರೆಕ್ಸೇಟ್‌ನಿಂದ ನರಗಳ ತೊಂದರೆ ಕಣ್ಣಿಗೆ ಕಾಣುವ ಹಾಗೆ ಬಂತು. ಅಂದರೆ ನೂರಕ್ಕೆ ನಾಲ್ಕು ಮಕ್ಕಳಿಗಿಂತ ಕಡಿಮೆ. ಆ 14 ಮಕ್ಕಳ ಎಂಆರ್‌ಐಯಲ್ಲೂ ಬಿಳಿ ಭಾಗದ ಬದಲಾವಣೆ ಇತ್ತು. ಸರಿ. ಆದರೆ ಉಳಿದ 355 ಮಕ್ಕಳು ಹೊರಗೆ ಯಾವ ಲಕ್ಷಣವನ್ನೂ ತೋರಿಸಿರಲಿಲ್ಲ. ಅವರಲ್ಲಿ 73 ಮಕ್ಕಳ ಚಿತ್ರದಲ್ಲೂ ಅದೇ ಬೆಳ್ಳನೆಯ ಮಬ್ಬು ಇತ್ತು! ಐದರಲ್ಲಿ ಒಂದು ಮಗು.

ಎರಡನೆಯದು ಹೆಂಗಸರದ್ದು. ಬೆಲ್ಜಿಯಂ ದೇಶದ ಲೂವೆನ್ ನಗರ, 2012. ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡ 34 ಮಹಿಳೆಯರು. ಕೀಮೋಗೆ ಮೊದಲು ಒಂದು ಸಲ, ಮುಗಿದು ಮೂರು ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಸಲ, ಅವರ ಮೆದುಳಿನ ನೀರಿನ ದಿಕ್ಕನ್ನ ಅಳೆದರು. ಜೊತೆಗೆ ಗಮನ, ವೇಗ, ನೆನಪಿನ ಪರೀಕ್ಷೆ. ಕೀಮೋ ತೆಗೆದುಕೊಂಡವರಲ್ಲಿ ಆ ಸಂಖ್ಯೆ ಇಳಿದಿತ್ತು, ಪರೀಕ್ಷೆಯ ಅಂಕವೂ ಇಳಿದಿತ್ತು. ಕ್ಯಾನ್ಸರ್ ಇದ್ದರೂ ಕೀಮೋ ಬೇಕಾಗದ ಮಹಿಳೆಯರಲ್ಲಿ, ಕ್ಯಾನ್ಸರೇ ಇಲ್ಲದವರಲ್ಲಿ, ಬಿಳಿ ಭಾಗದಲ್ಲಿ ಅಂಥ ಇಳಿತ ಕಾಣಲಿಲ್ಲ. ಅಂದರೆ ಬರೀ “ಕ್ಯಾನ್ಸರ್ ಅಂತ ಕೇಳಿ ಆದ ಆಘಾತ” ಅಂತ ಹೇಳಿ ಕೈ ತೊಳೆದುಕೊಳ್ಳೋಕೆ ಆಗಲ್ಲ.

ಅದರ ಮುಂದಿನ ಭಾಗವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಹೆದರಿಸಿ ಹೋದ ಹಾಗೆ ಆಗುತ್ತೆ. ಅದೇ ಊರಿನ ಸಂಶೋಧಕರು ಮೂರು ನಾಲ್ಕು ವರ್ಷ ಬಿಟ್ಟು ಮತ್ತೆ ಅಳೆದಾಗ ಬಿಳಿ ಭಾಗದ ಆ ಬದಲಾವಣೆ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಮರಳಿತ್ತು. ಒಡೆದ ಬೋದು ಮತ್ತೆ ಕಟ್ಟಿಕೊಳ್ಳಬಹುದು. ಟೈಮ್ ಬೇಕು.

ಈಗ ಈ ಎಲ್ಲದರಿಂದ ನಾವು ಏನು ತಿಳಕೋಬೇಕು? ಇವತ್ತಿನ ನನ್ನ ಮಾತು ಇಲ್ಲೇ ಇದೆ. ಚಿತ್ರ ಬಂತು ಅಂತ ಮಾತನ್ನ ಬಿಡಬೇಡಿ. ರೋಗಿ ಹೇಳುವ ಮಾತೇ ಮೊದಲ ಸಾಕ್ಷಿ.

ಯಾಕೆ ಅಂತೀರಾ? ಆ 73 ಮಕ್ಕಳನ್ನ ನೆನಪಿಸಿಕೊಳ್ಳಿ. ಚಿತ್ರದಲ್ಲಿ ಮಬ್ಬು ಇತ್ತು, ಹೊರಗೆ ಲಕ್ಷಣ ಇರಲಿಲ್ಲ. ಅದರ ತಿರುವುಮುರುವೂ ಆಗುತ್ತೆ. ಹೆಂಗಸು ಹೇಳ್ತಾಳೆ ತಲೆ ಓಡ್ತಾ ಇಲ್ಲ ಅಂತ, ಮಾಮೂಲಿ ಎಂಆರ್‌ಐ ರಿಪೋರ್ಟ್ ಹೇಳುತ್ತೆ ನಾರ್ಮಲ್ ಅಂತ. ಲೂವೆನ್ನಿನಲ್ಲಿ ಕಂಡ ಬದಲಾವಣೆ ಗುಂಪಿನ ಸರಾಸರಿಯಲ್ಲಿ, ವಿಶೇಷ ಲೆಕ್ಕಾಚಾರದಿಂದ ಕಂಡಿದ್ದು. ಇವತ್ತು ನೀವು ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಒಂದು ಸ್ಕ್ಯಾನ್ ಮಾಡಿಸಿ, “ನನ್ನ ಮರೆವು ಇದರಲ್ಲಿ ಕಾಣುತ್ತಾ ಹೇಳಿ” ಅಂದರೆ ಅದು ಹೇಳಲ್ಲ. ಹಾಗಾಗಿ ಡಾಕ್ಟರ್ ಹೇಳದೆ ಸಾವಿರಾರು ರೂಪಾಯಿ ಸಾಲ ಮಾಡಿ ಸ್ಕ್ಯಾನ್ ಸೆಂಟರ್ ಮುಂದೆ ಸಾಲು ನಿಲ್ಲಬೇಡಿ. ಹಾಗೇ, ರಿಪೋರ್ಟ್ ನಾರ್ಮಲ್ ಬಂದ ತಕ್ಷಣ “ನೋಡು, ಎಲ್ಲಾ ಸರಿ ಐತಿ, ನಿಂದ ಬರೇ ಭ್ರಮೆ” ಅಂತಲೂ ಅನ್ನಬೇಡಿ.

ಇನ್ನೊಂದು ಮಾತು, ಇದನ್ನ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಈ ಕಾರ್ಯಕ್ರಮ ನೋಡಿ ಯಾರೂ ಕೀಮೋ ನಿಲ್ಲಿಸಬೇಡಿ. ಚಿಕಿತ್ಸೆ ಇಲ್ಲದಿದ್ದರೆ ಬ್ಲಡ್ ಕ್ಯಾನ್ಸರ್ ಮಗುವನ್ನ ಉಳಿಸಲ್ಲ. ಜೀವ ಇದ್ದರೆ ತಾನೇ ನೆನಪಿನ ಮಾತು? ಬೆಲೆ ಕಡಿಮೆ ಮಾಡುವ ಕೆಲಸವನ್ನ ವೈದ್ಯರೇ ಮಾಡುತ್ತಾ ಬಂದಿದ್ದಾರೆ. ಹೆಚ್ಚಿನ ಪ್ರಮಾಣದಲ್ಲಿ ಮೆಥೋಟ್ರೆಕ್ಸೇಟ್ ಕೊಟ್ಟಾಗ, ಲೆಕ್ಕ ಹಾಕಿದ ಗಂಟೆಗೆ ಸರಿಯಾಗಿ ಲ್ಯುಕೊವೊರಿನ್ ಅನ್ನುವ ಔಷಧ ಕೊಟ್ಟು ಒಳ್ಳೆಯ ಕೋಶಗಳನ್ನ ಕಾಪಾಡುತ್ತಾರೆ. ಸೇಂಟ್ ಜೂಡ್‌ನಲ್ಲಿ 2000ದಿಂದ 2007ರವರೆಗೆ 498 ಮಕ್ಕಳಿಗೆ ಮೊದಲ ಚಿಕಿತ್ಸೆಯಲ್ಲಿ ತಲೆಗೆ ವಿಕಿರಣವನ್ನೇ ಕೊಡದೆ ನೋಡಿದರು. ಐದು ವರ್ಷದ ಬದುಕುಳಿಯುವ ಪ್ರಮಾಣ ನೂರಕ್ಕೆ 93ಕ್ಕಿಂತ ಹೆಚ್ಚು. ಚಿಕಿತ್ಸೆ ಬಿಟ್ಟು ಇದು ಸಾಧ್ಯವಾಗಲಿಲ್ಲ. ಅಡ್ಡಪರಿಣಾಮವನ್ನ ನಂಬಿ, ಅಳೆದು, ಲೆಕ್ಕ ಇಟ್ಟು ಚಿಕಿತ್ಸೆಯನ್ನ ತಿದ್ದಿದ್ದರಿಂದ ಸಾಧ್ಯವಾಯಿತು. “ಉಳಿದಿದ್ದೀಯಲ್ಲ, ಸುಮ್ನಿರು” ಅಂದಿದ್ದರೆ ಯಾರೂ ತಿದ್ದುತ್ತಿರಲಿಲ್ಲ.

ಇಲ್ಲಿ ತುರ್ತಿನ ವಿಷಯ ಒಂದಿದೆ. ಬೆನ್ನಿನ ಇಂಜೆಕ್ಷನ್ ಆದ ಮಗುವಿಗೆ, ಹೆಚ್ಚಾಗಿ ಎರಡು ದಿನದಿಂದ ಎರಡು ವಾರದ ಒಳಗೆ, ಇದ್ದಕ್ಕಿದ್ದ ಹಾಗೆ ಒಂದು ಕೈ ಕಾಲು ಸೋಲಬಹುದು. ಬಾಯಿ ವಾರೆ ಆಗಬಹುದು, ಮಾತು ನಿಲ್ಲಬಹುದು, ಫಿಟ್ಸ್ ಬರಬಹುದು. ನಮ್ಮ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಆಗ ಏನಂತಾರೆ? “ಲಕ್ವಾ ಹೊಡದೈತಿ.” ಎಲ್ಲಿಗೆ ಕರಕೊಂಡು ಹೋಗ್ತಾರೆ? ಲಕ್ವಾಕ್ಕೆ ಔಷಧ ಕೊಡುವವರ ಹತ್ತಿರ. ದಯವಿಟ್ಟು ಹಾಗೆ ಮಾಡಬೇಡಿ. ಇದು ಮೆಥೋಟ್ರೆಕ್ಸೇಟ್‌ನಿಂದ ಆಗಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು, ಸೋಂಕು ಆಗಿರಬಹುದು. ಬರೀ ಕಣ್ಣಿಗೆ ಗೊತ್ತಾಗಲ್ಲ. ಇಂಥ ಹೊತ್ತಿನಲ್ಲಿ ಎಂಆರ್‌ಐ ನಿಜವಾಗಿಯೂ ಕೆಲಸಕ್ಕೆ ಬರುತ್ತೆ. ನೀರು ಚಲಿಸದೆ ಸಿಕ್ಕಿಹಾಕಿಕೊಂಡ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ. ಆ ಜಾಗದ ಆಕಾರ ನೋಡಿ ಪರಿಣತ ವೈದ್ಯರು ಇದು ಔಷಧದ ಪೆಟ್ಟೋ ರಕ್ತನಾಳದ ತೊಂದರೆಯೋ ಅಂತ ಬೇರೆ ಮಾಡುತ್ತಾರೆ. ಔಷಧದ ಪೆಟ್ಟಾಗಿದ್ದರೆ ಹೆಚ್ಚಿನ ಮಕ್ಕಳು ಕೆಲವು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಹತ್ತಿರದ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ. ಬಾಗಿಲಲ್ಲೇ ಹೇಳಿ: ಇದು ಬ್ಲಡ್ ಕ್ಯಾನ್ಸರಿನ ಮಗು, ಬೆನ್ನಿನ ಇಂಜೆಕ್ಷನ್ ಆಗಿದ್ದು ಇಂಥ ತಾರೀಕಿಗೆ. ಆ ಒಂದು ತಾರೀಕು ಡಾಕ್ಟರಿಗೆ ಅರ್ಧ ದಾರಿ ತೋರಿಸುತ್ತೆ. ಆ ಚೀಟಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೈಗೆ ಸಿಗುವ ಜಾಗದಲ್ಲಿಡಿ.

ಮೆಥೋಟ್ರೆಕ್ಸೇಟ್ ಒಂದೇ ಅಲ್ಲ. ಕರುಳಿನ ಕ್ಯಾನ್ಸರಿಗೆ ಕೊಡುವ ಫೈವ್ ಎಫ್‌ಯು, ಕೇಪ್‌ಸೈಟಬಿನ್ ಮಾತ್ರೆ ಕೂಡ ಅಪರೂಪಕ್ಕೆ ಬಿಳಿ ಭಾಗಕ್ಕೆ ಪೆಟ್ಟು ಕೊಡುತ್ತವೆ. ಈ ಔಷಧ ತೆಗೆದುಕೊಳ್ಳುತ್ತಿರುವವರು ಇದ್ದಕ್ಕಿದ್ದ ಹಾಗೆ ಗೊಂದಲದಲ್ಲಿ ಮಾತಾಡಿದರೆ, ನಡಿಗೆ ತಪ್ಪಿದರೆ, ಅದನ್ನ ಸುಸ್ತು ಅಂತ ಮಲಗಿಸಬೇಡಿ. ಆಸ್ಪತ್ರೆಗೆ ಫೋನ್ ಮಾಡಿ.

ಸರಿ, ಆಸ್ಪತ್ರೆ ಅಂದೆ. ಯಾವ ಆಸ್ಪತ್ರೆ? ತಿಮ್ಮಾಪುರದಿಂದ ಹೊರಟವರಿಗೆ ಇರುವ ದಾರಿಗಳಲ್ಲಿ ಮೂರು ನೋಡಿ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ನೂರು ಕಿಲೋಮೀಟರಿಗೂ ಹೆಚ್ಚು. ಗಡಿ ದಾಟಿದರೆ ಮಹಾರಾಷ್ಟ್ರದ ಮಿರಜ್. ಜಮಖಂಡಿ, ರಬಕವಿ ಕಡೆಯ ಬಹಳ ಜನ ಎಲ್ಲಾ ಕಾಯಿಲೆಗೂ ಅಲ್ಲಿಗೇ ಹೋಗುತ್ತಾರೆ. ಇಲ್ಲಾ ಅಂದರೆ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರು, 1973ರಲ್ಲಿ ಶುರುವಾದ ಕಿದ್ವಾಯಿ. ರಾತ್ರಿ ಬಸ್ ಹತ್ತಬೇಕು, ಬೆಳಿಗ್ಗೆ ಸಾಲು ನಿಲ್ಲಬೇಕು, ಇಂಜೆಕ್ಷನ್ ಆಗಬೇಕು, ಮತ್ತೆ ರಾತ್ರಿ ಬಸ್ ಹತ್ತಬೇಕು. ಅಷ್ಟು ದೂರ ಹೋದವರು ಡಾಕ್ಟರ್ ಮುಂದೆ ಕೂತಾಗ ಎದುರಿಗೆ ಸಿಗೋದು ಕೆಲವೇ ನಿಮಿಷ. ಗಡ್ಡೆ ಹೇಗಿದೆ, ರಕ್ತ ಹೇಗಿದೆ ಅಂತ ಕೇಳುವಷ್ಟರಲ್ಲಿ ಮುಂದಿನ ಹೆಸರು ಕೂಗುತ್ತಾರೆ. “ಸರ್, ಲೆಕ್ಕ ತಪ್ಪತೈತ್ರಿ” ಅಂತ ಹೇಳೋಕೆ ಯಾರಿಗೆ ಧೈರ್ಯ ಬರುತ್ತೆ?

ಬೆಂಗಳೂರು ಗೊತ್ತಿದ್ದವರು ಇದನ್ನ ಗಮನಿಸಿರುತ್ತಾರೆ. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಮತ್ತು ನಿಮ್ಹಾನ್ಸ್ ಅಕ್ಕಪಕ್ಕ. ಒಂದು ಕ್ಯಾನ್ಸರಿಗೆ ಹೆಸರಾದದ್ದು, ಇನ್ನೊಂದು ಮೆದುಳಿಗೆ ಹೆಸರಾದದ್ದು. ನೆನಪು, ಗಮನ, ಮಾತಿನ ಪರೀಕ್ಷೆ ಮಾಡುವ ಪರಿಣತರು ಇರೋದು, ತರಬೇತಿ ಕೊಡುವವರು ಇರೋದು ಪಕ್ಕದ ಗೇಟಿನ ಒಳಗೆ. ತಿಮ್ಮಾಪುರದಿಂದ 500 ಕಿಲೋಮೀಟರ್ ಬಂದ ಮನುಷ್ಯನಿಗೆ ಆ ಪಕ್ಕದ ಗೇಟಿಗೂ ತನಗೂ ಸಂಬಂಧ ಇದೆ ಅಂತ ಯಾರು ಹೇಳಬೇಕು? ಇದು ಯಾವ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಕ್ಯಾನ್ಸರ್ ಚಿಕಿತ್ಸೆ ಅಂದರೆ ಗಡ್ಡೆ ಕರಗಿಸೋದು ಅಂತ ನಾವೆಲ್ಲ, ಸರ್ಕಾರ ಸೇರಿ, ಅಂದುಕೊಂಡಿರುವುದರ ಮೇಲಿನ ಪ್ರಶ್ನೆ.

ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು. ಮಕ್ಕಳಲ್ಲಿ ಬ್ಲಡ್ ಕ್ಯಾನ್ಸರ್ ಹೆಚ್ಚಾಗಿ ಕಾಣಿಸೋದು ಎರಡರಿಂದ ಐದು ವರ್ಷದ ವಯಸ್ಸಿನಲ್ಲಿ. ಮೆದುಳಿನ ವೈರಿಂಗಿಗೆ ಹೊದಿಕೆ ಬೀಳುತ್ತಿರುವ ವಯಸ್ಸೂ ಅದೇ. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತೆ. ಮುಗಿದು ಮಗು ಶಾಲೆಗೆ ಬರುತ್ತೆ. ಮಗ್ಗಿ ಗೊತ್ತಿರುತ್ತೆ, ಆದರೆ ನೀವು ಕೇಳಿದ ಕೂಡಲೇ ಬಾಯಿಗೆ ಬರಲ್ಲ. ಬೋರ್ಡಿನ ಮೇಲಿನದ್ದು ಬರೆದು ಮುಗಿಸುವಷ್ಟರಲ್ಲಿ ನೀವು ಅಳಿಸಿರುತ್ತೀರಿ. ಆ ಮಗುವನ್ನ ದಡ್ಡ ಅನ್ನೋದು ಬಹಳ ಸುಲಭ. ಕ್ಯಾನ್ಸರ್ ಗೆದ್ದು ಬಂದ ಮಗು ನಿಮ್ಮ ತರಗತಿಯಲ್ಲಿ ಸೋಲಬಾರದು. ಮುಂದಿನ ಬೆಂಚಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಉತ್ತರಕ್ಕೆ ಒಂದು ನಿಮಿಷ ಹೆಚ್ಚು ಕೊಡಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳೋಕೆ ಅವಕಾಶ ಇದೆಯಾ ಅಂತ ತಂದೆ ತಾಯಿಗಿಂತ ಮೊದಲು ನೀವು ವಿಚಾರಿಸಿ. ಅವರಿಗೆ ಆ ಕಚೇರಿಯ ಬಾಗಿಲು ಗೊತ್ತಿರಲ್ಲ.

ಮನೆಯವರು ಏನು ಮಾಡಬಹುದು? ರಬಕವಿ-ಬನಹಟ್ಟಿಯ ನೇಕಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಒಂದು ಎಳೆ ಕಡಿದರೆ ಇಡೀ ಸೀರೆ ಬಿಸಾಡಲ್ಲ, ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾರೆ. ಇದೂ ಹಾಗೇ. ಮೊದಲು, ದೂರನ್ನ ನಂಬಿ. ಆಮೇಲೆ, ಯಾವಾಗ ಏನು ಮರೆತರು ಅಂತ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದನ್ನ ಡಾಕ್ಟರಿಗೆ ತೋರಿಸಿ. ಎಲ್ಲ ಮರೆವೂ ಕೀಮೋದಿಂದಲೇ ಬರಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಬಿ12 ಕೊರತೆ ಇರಬಹುದು, ನಿದ್ದೆ ಕೆಟ್ಟಿರಬಹುದು, ಖಿನ್ನತೆ ಇರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಅಪರೂಪಕ್ಕೆ ಕ್ಯಾನ್ಸರೇ ಮೆದುಳಿಗೆ ಹರಡಿರಬಹುದು, ಅದನ್ನ ಬೇಗ ಹಿಡಿಯಬೇಕು. ಹಾಗಾಗಿ ಕಾರಣ ಹುಡುಕುವುದು ಡಾಕ್ಟರ ಕೆಲಸ, ಅವರ ಕಿವಿಗೆ ಹಾಕೋದು ನಿಮ್ಮ ಕೆಲಸ. ಫೋಲಿಕ್ ಆಸಿಡ್ ಮಾತ್ರೆ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳದೆ ಕೊಡಬೇಡಿ, ಅದು ಚಿಕಿತ್ಸೆಯ ಲೆಕ್ಕವನ್ನೇ ತಪ್ಪಿಸಬಹುದು. ಮನೆಯಲ್ಲಿ ಕ್ಯಾಲೆಂಡರ್, ಫೋನಿನ ಅಲಾರಂ, ಔಷಧಕ್ಕೆ ಒಂದೇ ಜಾಗ, ಒಂದು ಹೊತ್ತಿಗೆ ಒಂದೇ ಕೆಲಸ, ಡಾಕ್ಟರ್ ಒಪ್ಪಿದರೆ ದಿನಾ ಸ್ವಲ್ಪ ನಡಿಗೆ. ಸಣ್ಣ ವಿಷಯ ಅನ್ನಿಸುತ್ತೆ. ಬೋದು ಮತ್ತೆ ಕಟ್ಟಿಕೊಳ್ಳುವವರೆಗೆ ಇವೇ ಆಸರೆ.

ಕೊನೆಗೆ ಸರ್ಕಾರಕ್ಕೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಹೇಳ್ತೀರಿ. ಒಳ್ಳೆಯದು, ಅದರಿಂದ ಎಷ್ಟೋ ಜೀವ ಉಳಿದಿದೆ. ನಾನು ಕೋಟಿ ಕೋಟಿ ರೂಪಾಯಿಯ ಯಂತ್ರ ಕೇಳ್ತಾ ಇಲ್ಲ. ಕೀಮೋ ಶುರುವಾಗುವ ಮೊದಲು ಹದಿನೈದು ನಿಮಿಷದ ಒಂದು ನೆನಪಿನ ಪರೀಕ್ಷೆ, ಕನ್ನಡದಲ್ಲಿ, ಓದು ಬಾರದವರಿಗೂ ಆಗುವಂಥದ್ದು. ಮುಗಿದ ಮೇಲೆ ಮತ್ತೊಮ್ಮೆ. ಎರಡನ್ನೂ ಹೋಲಿಸಿದರೆ ಯಾರಿಗೆ ಸಹಾಯ ಬೇಕು ಅಂತ ಗೊತ್ತಾಗುತ್ತೆ. ತೊಂದರೆ ಕಂಡವರಿಗೆ ಜಿಲ್ಲಾ ಆಸ್ಪತ್ರೆಯಿಂದಲೇ ವಿಡಿಯೋ ಮೂಲಕ ಮೆದುಳಿನ ತಜ್ಞರ ಸಲಹೆ, ಮತ್ತೆ ರಾತ್ರಿ ಬಸ್ ಹತ್ತದ ಹಾಗೆ. ಮತ್ತು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಹೆಚ್ಚು ಅಚ್ಚು ಹಾಕಿಸಿ: “ನೆನಪು, ಗಮನ, ಲೆಕ್ಕ ಮೊದಲಿನ ಹಾಗೆ ಇದೆಯೇ?” ಹೌದು, ಇಲ್ಲ ಅಂತ ಎರಡು ಚೌಕ.

ಆ ಸಾಲು ಅಚ್ಚಾಗುವವರೆಗೆ ಕಾಯಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಕೀಮೋ ಮುಗಿಸಿ ಬಂದವರು ಇದ್ದರೆ, ನಾಳೆ ಬೆಳಿಗ್ಗೆ ಚಹಾ ಕುಡಿಯುವಾಗ ನೀವೇ ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕಾಯಿರಿ. ಅವರಿಗೆ ಪದ ಸಿಗೋದು ಸ್ವಲ್ಪ ತಡ ಆಗಬಹುದು.